ವಿಕ್ಕಾ ಗುಂಪುಗಳ ಆಚರಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನಿಮ್ಮ ಮಗಳನ್ನು ಅವಳ ರೂಮ್‌ಮೇಟ್ ಅಕ್ಟೋಬರ್ 31ರ ವಿಕ್ಕಾ ಆಚರಣೆಗೆ ಕರೆದಿದ್ದಾಳೆ, ಇದು ಮಾಟ ಮಂತ್ರ ಮಾಡುವವರ ಗುಂಪೇ, ಹೋಗು ಅನ್ನಲೇ ಬೇಡ ಅನ್ನಲೇ ಎಂದು ಕೇಳಿದ್ದೀರಿ. ನಾನು ಇಲ್ಲಿ ಬಂದು ನೆಲೆಸಿದವಳು. ವಿಕ್ಕಾ ದೀಕ್ಷೆ ತೆಗೆದುಕೊಂಡಿಲ್ಲ. ದೀಕ್ಷೆ ಪಡೆದ ಗೆಳತಿಯೊಬ್ಬಳಿದ್ದಾಳೆ, ಹೊರಗಿನವರನ್ನೂ ಸೇರಿಸಿಕೊಳ್ಳುವ ಆಚರಣೆಗಳಿಗೆ ಅವಳ ಜೊತೆ ಹೋಗುತ್ತಿರುತ್ತೇನೆ. ಕಣ್ಣಾರೆ ಕಂಡದ್ದು, ಅವಳಿಂದ ಕೇಳಿದ್ದು, ಓದಿ ತಿಳಿದದ್ದು ಎಲ್ಲವನ್ನೂ ಸೇರಿಸಿ ಹೇಳುತ್ತೇನೆ.

ನಿಮ್ಮ ಭಯದ ಮಾತು ಮೊದಲು ಮುಗಿಸಿಬಿಡೋಣ. ವಿಕ್ಕಾ ಒಂದು ಧರ್ಮ. ಪ್ರಾಣಿಬಲಿ ಇಲ್ಲ. ಸೈತಾನನ ಪೂಜೆಯೂ ಇಲ್ಲ, ಇವರ ನಂಬಿಕೆಯಲ್ಲಿ ಸೈತಾನನಿಗೆ ಜಾಗವೇ ಇಲ್ಲ. ಇವರಿಗೆ ಒಬ್ಬ ದೇವಿ, ಕೋಡುಳ್ಳ ಒಬ್ಬ ದೇವ. ಯಾರಿಗೂ ಹಾನಿಯಾಗದ ಹಾಗೆ ನಿನಗೆ ಬೇಕಾದ್ದನ್ನು ಮಾಡು ಎನ್ನುವುದು ಹೆಚ್ಚಿನವರು ಒಪ್ಪಿಕೊಂಡಿರುವ ನೀತಿ.

ವಿಕ್ಕಾದ ಬೇರುಗಳು ಬಹಳ ಹಳೆಯವು ಎಂದು ಹೇಳುವವರಿದ್ದಾರೆ, ಆದರೆ ಈಗಿನ ರೂಪಕ್ಕೆ ನೂರು ವರ್ಷವೂ ಆಗಿಲ್ಲ. ಮಲಯದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತರಾಗಿ ಬಂದ ಜೆರಾಲ್ಡ್ ಗಾರ್ಡ್ನರ್, ತಮಗೆ 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದ ಗುಂಪೊಂದು ದೀಕ್ಷೆ ಕೊಟ್ಟಿತೆಂದು ಹೇಳಿಕೊಂಡರು. ಬ್ರಿಟನ್ನಿನ ಹಳೆಯ ವಿಚ್‌ಕ್ರಾಫ್ಟ್ (ಮಾಟಗಾರಿಕೆ) ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಅವರು ಈ ಬಗ್ಗೆ ಪುಸ್ತಕವನ್ನೇ ತಂದರು. ಆದರೆ ಇವತ್ತು ಆಚರಣೆಗಳಲ್ಲಿ ಕೇಳಿಬರುವ ಮಾತುಗಳ ಸೊಗಸಿಗೆ ಕಾರಣ ಡೋರೀನ್ ವ್ಯಾಲಿಯೆಂಟೆ. 1953ರಲ್ಲಿ ದೀಕ್ಷೆ ಪಡೆದ ಆಕೆ, ಆ ಮಾತುಗಳಲ್ಲಿ ಗಾರ್ಡ್ನರ್ ಅಲ್ಲಿ ಇಲ್ಲಿಂದ ತಂದು ಜೋಡಿಸಿದ್ದ ಭಾಗಗಳನ್ನು ಗುರುತಿಸಿ, ಬಹಳಷ್ಟನ್ನು ತಾವೇ ಹೊಸದಾಗಿ ಬರೆದರು. ನನ್ನ ಲೆಕ್ಕದಲ್ಲಿ ಗಾರ್ಡ್ನರ್‌ಗಿಂತ ಆಕೆಗೇ ಹೆಚ್ಚು ಮನ್ನಣೆ ಸಲ್ಲಬೇಕು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ.

ಈ ಆಚರಣೆ ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಇದರಲ್ಲಿ ಕೂತು ನೋಡುವವರು ಅಂತ ಯಾರೂ ಇರುವುದಿಲ್ಲ. ಪೂಜೆ ಮಾಡಿಸುವವರು ಒಬ್ಬರು, ಕೈಮುಗಿದು ನಿಲ್ಲುವವರು ಹತ್ತು ಜನ ಎಂಬ ಏರ್ಪಾಡಲ್ಲ. ದೀಕ್ಷೆ ಪಡೆದ ಪ್ರತಿಯೊಬ್ಬರೂ ಅರ್ಚಕರೇ. ಮುಖ್ಯ ಅರ್ಚಕಿ ಇರುತ್ತಾರೆ, ಆಕೆಯ ಮಾತಿಗೆ ತೂಕವೂ ಇದೆ, ಆದರೆ ಕೆಲಸ ಎಲ್ಲರಿಗೂ ಹಂಚಿರುತ್ತದೆ. ಅದಕ್ಕೇ ಗುಂಪುಗಳು ಚಿಕ್ಕವು. ಕವೆನ್ ಎಂದು ಕರೆಯುವ ಈ ಗುಂಪಿನಲ್ಲಿ ಸಂಪ್ರದಾಯದಂತೆ ಹದಿಮೂರು ಜನರಿಗಿಂತ ಹೆಚ್ಚಿರಬಾರದು, ಎಷ್ಟೋ ಕಡೆ ಐದಾರು ಮಂದಿ ಇದ್ದರೆ ಅದೇ ದೊಡ್ಡದು.

ಜಾಗ ಯಾವುದಾದರೂ ಆದೀತು: ಯಾರದೋ ಮನೆಯ ಹಿತ್ತಿಲು, ಕಾಡಂಚು, ಬಾಡಿಗೆಯ ಹಾಲ್. ದೇವಸ್ಥಾನ ಅಂತ ಇಲ್ಲದ್ದರಿಂದ ಪ್ರತಿ ಸಲವೂ ಜಾಗವನ್ನು ಹೊಸದಾಗಿ ಪವಿತ್ರ ಮಾಡಿಕೊಳ್ಳಬೇಕು. ಪೊರಕೆಯಿಂದ ಗುಡಿಸುತ್ತಾರೆ. ಮೇಜಿನ ಮೇಲೆ ಮೇಣದಬತ್ತಿ, ಧೂಪ, ಒಂದು ಬಟ್ಟಲು ನೀರು, ಒಂದು ಬಟ್ಟಲು ಉಪ್ಪು. ಅರ್ಚಕಿ ಕಪ್ಪು ಹಿಡಿಯ ಚೂರಿಯ ಮೊನೆಯನ್ನು ನೀರಿನಲ್ಲಿ ಅದ್ದಿ ಶುದ್ಧಿಯ ಮಾತು ಹೇಳುತ್ತಾರೆ, ಉಪ್ಪಿಗೂ ಹಾಗೆಯೇ, ಆಮೇಲೆ ಉಪ್ಪನ್ನು ನೀರಿಗೆ ಬೆರೆಸುತ್ತಾರೆ. ಆ ಚೂರಿಗೆ ಅಥಾಮೆ ಎಂದು ಹೆಸರು. ಅದರಿಂದ ಹಣ್ಣನ್ನೂ ಹೆಚ್ಚುವುದಿಲ್ಲ, ಹಗ್ಗವನ್ನೂ ಕತ್ತರಿಸುವುದಿಲ್ಲ, ಅದಕ್ಕೆ ಬಿಳಿ ಹಿಡಿಯದು ಬೇರೆ ಇರುತ್ತದೆ. ಮಗಳು ಚೂರಿ ನೋಡಿ ಗಾಬರಿಯಾಗಬಾರದೆಂದು ಇಷ್ಟು ವಿವರ.

ಅದೇ ಚೂರಿ ಹಿಡಿದು ಅರ್ಚಕಿ ಎಲ್ಲರ ಸುತ್ತ ಪ್ರದಕ್ಷಿಣವಾಗಿ ನಡೆದು ಗಾಳಿಯಲ್ಲೇ ವೃತ್ತ ಎಳೆಯುತ್ತಾರೆ. ಅಡ್ಡಳತೆ ಒಂಬತ್ತು ಅಡಿ ಇರಬೇಕೆಂಬುದು ಹಳೆಯ ಲೆಕ್ಕ. ಜನ ಹೆಚ್ಚಿದ್ದರೆ ವೃತ್ತವೂ ದೊಡ್ಡದಾಗುತ್ತದೆ. ಹಿಂದೆಯೇ ಒಬ್ಬರು ಉಪ್ಪುನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಧೂಪ ಹಿಡಿದು ಸುತ್ತುತ್ತಾರೆ. ಆಮೇಲೆ ನಾಲ್ವರು ನಾಲ್ಕು ದಿಕ್ಕಿಗೆ ಮುಖಮಾಡಿ ಕರೆಯುತ್ತಾರೆ: ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಆಸ್ಟ್ರೇಲಿಯಾದ ಹಲವು ಗುಂಪುಗಳು ಬೆಂಕಿಯನ್ನು ಉತ್ತರಕ್ಕೆ ಇಟ್ಟುಕೊಂಡು ಸುತ್ತುವ ದಿಕ್ಕನ್ನೂ ತಿರುಗಿಸಿಕೊಂಡಿವೆ, ಏಕೆಂದರೆ ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ತಾವು ನಿಂತ ನೆಲಕ್ಕೆ ತಕ್ಕಂತೆ ವಿಧಿಯನ್ನು ಬದಲಿಸಿಕೊಳ್ಳುವ ಈ ಧೈರ್ಯ ನನಗೆ ತುಂಬಾ ಇಷ್ಟ.

ವೃತ್ತ ಕಟ್ಟಿದ ಮೇಲೆ ಸುಮ್ಮನೆ ಹೊರಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಯಾರಾದರೂ ಚೂರಿಯಿಂದ ಗಾಳಿಯಲ್ಲಿ ಬಾಗಿಲು ಕೊಯ್ದು ಕಳಿಸಿ, ಮತ್ತೆ ಮುಚ್ಚುತ್ತಾರೆ.

ನಡುವಿನ ಭಾಗ ದಿನಕ್ಕೆ ತಕ್ಕ ಹಾಗೆ. ವರ್ಷಕ್ಕೆ ಎಂಟು ಹಬ್ಬ, ಜೊತೆಗೆ ಹುಣ್ಣಿಮೆಗಳು. ಹುಣ್ಣಿಮೆಯಲ್ಲಿ ದೇವಿಯನ್ನು ಅರ್ಚಕಿಯ ಮೈಗೆ ಆವಾಹಿಸುವ ವಿಧಿಯಿದೆ, ಆಮೇಲೆ ಆಕೆ ದೇವಿಯಾಗಿಯೇ ಮಾತಾಡುತ್ತಾರೆ. ನಮ್ಮೂರುಗಳಲ್ಲಿ ಮೈಮೇಲೆ ದೇವರು ಬರುವುದನ್ನು ನೋಡಿದವರಿಗೆ ಇದು ತೀರಾ ಅಪರಿಚಿತ ಅನಿಸದು. ಆದರೆ ನಾನು ಕಂಡದ್ದರಲ್ಲಿ ನಡುಕ, ಕೂಗಾಟ ಇರಲಿಲ್ಲ. ಎದೆಯ ಮೇಲೆ ಅಡ್ಡಲಾಗಿ ಕಟ್ಟಿದ್ದ ಕೈಗಳನ್ನು ಬಿಡಿಸಿ, ಇಳಿದ ದನಿಯಲ್ಲಿ ಮಾತು ಶುರುಮಾಡಿದರು. ಎಲ್ಲೋ ಒಂದು ಕಡೆ ಕಾಗದ ನೋಡಿಕೊಂಡು ಓದಿದ್ದನ್ನೂ ಕೇಳಿದ್ದೇನೆ, ಅಲ್ಲಿ ಏನೂ ಆಗಲಿಲ್ಲ. ಮಾತು ಬಾಯಿಪಾಠ ಇರಬೇಕು.

ಯಾರದಾದರೂ ಕಾಯಿಲೆ ವಾಸಿಯಾಗಲಿ ಎಂಬಂಥ ಉದ್ದೇಶವಿದ್ದರೆ ಕೈಕೈ ಹಿಡಿದು ವೃತ್ತದಲ್ಲಿ ಕುಣಿಯುತ್ತಾರೆ. ಹಾಡು ನಿಧಾನವಾಗಿ ಶುರುವಾಗಿ ವೇಗ ಏರುತ್ತಾ ಹೋಗುತ್ತದೆ. ಅರ್ಚಕಿ ಸನ್ನೆ ಮಾಡಿದ ತಕ್ಷಣ ಎಲ್ಲರೂ ಒಟ್ಟಿಗೆ ನಿಂತು ಕೈ ಬಿಡುತ್ತಾರೆ. ಆಮೇಲೆ ಅಂಗೈಯನ್ನು ನೆಲಕ್ಕೆ ಊರಿ, ಉಳಿದ ಶಕ್ತಿಯನ್ನು ಮಣ್ಣಿಗೆ ಬಿಡಬೇಕು. ಏದುಸಿರು ಬಿಡುತ್ತಾ, ಅಪರಿಚಿತರ ಜೊತೆ ಒದ್ದೆ ಹುಲ್ಲಿನ ಮೇಲೆ ಕೈಯಿಟ್ಟು ಕೂತಾಗ ಅವರು ಅಪರಿಚಿತರು ಅನ್ನಿಸುವುದೇ ಇಲ್ಲ.

ನಿಮ್ಮ ಮಗಳು ಹೋಗುವುದು ಸೌವಿನ್ ಹಬ್ಬಕ್ಕೆ. ಅದು ತೀರಿಕೊಂಡವರ ರಾತ್ರಿ. ನಾನು ಹೋಗಿದ್ದ ಕಡೆ ನಡುವೆ ಕಬ್ಬಿಣದ ಕಡಾಯಿಯಲ್ಲಿ ಬೆಂಕಿಯಿತ್ತು. ಒಬ್ಬೊಬ್ಬರೇ ಮುಂದೆ ಬಂದು ತಮ್ಮವರ ಹೆಸರು ಹೇಳಿ, ಒಣಗಿದ ರೋಸ್‌ಮೇರಿ ಕಡ್ಡಿಯೊಂದನ್ನು ಬೆಂಕಿಗೆ ಹಾಕುತ್ತಿದ್ದರು. ನಾನು ನಮ್ಮಜ್ಜಿಯ ಹೆಸರು ಹೇಳಿದೆ. ಆ ಹೆಸರನ್ನು ಉಚ್ಚರಿಸಲು ಬಾರದ ಜನ ಅದನ್ನು ಜೋಪಾನವಾಗಿ ಮತ್ತೊಮ್ಮೆ ಒಟ್ಟಿಗೆ ಹೇಳಿದರು. ಅಜ್ಜಿ ಹೋದಾಗ ಊರಿಗೆ ಹೋಗಲಾಗದ ನನಗೆ ಅವತ್ತು ಸಿಕ್ಕ ಸಮಾಧಾನ ದೊಡ್ಡದು.

ಕೊನೆಗೆ ಕೇಕು ಮತ್ತು ವೈನ್. ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ, ಕೊಡುವವರು ನಿನಗೆಂದೂ ಬಾಯಾರಿಕೆ ಆಗದಿರಲಿ ಎಂದು ಹರಸುತ್ತಾರೆ. ಒಂದು ಪಾಲು ಭೂಮಿಗೆ. ದಿಕ್ಕುಗಳಿಗೆ ವಂದನೆ ಹೇಳಿ ಬೀಳ್ಕೊಟ್ಟು ವೃತ್ತ ಬಿಡಿಸಿದರೆ ಮುಗಿಯಿತು, ಆಮೇಲೆ ಹರಟೆ, ಊಟ.

ಬೆತ್ತಲೆ ಇರುತ್ತಾರಂತೆ ಎಂದೂ ಕೇಳಿದ್ದೀರಿ. ಗಾರ್ಡ್ನರ್ ಪರಂಪರೆಯ ಮುಚ್ಚಿದ ಗುಂಪುಗಳಲ್ಲಿ ಆ ಪದ್ಧತಿ ಇದೆ, ದೀಕ್ಷೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಹಗ್ಗ ಕಟ್ಟುವುದೂ ಇದೆ. ಆದರೆ ಅಲ್ಲಿಗೆ ದಿಢೀರನೆ ಯಾರನ್ನೂ ಕರೆಯುವುದಿಲ್ಲ. ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಲಿಯಬೇಕು, ಎರಡೂ ಕಡೆಯವರಿಗೆ ನಂಬಿಕೆ ಬರಬೇಕು. ನಾನು ಹೋದ ತೆರೆದ ಆಚರಣೆಗಳಲ್ಲೆಲ್ಲ ಜನ ನಿಲುವಂಗಿಯನ್ನೋ ದಪ್ಪ ಜಾಕೆಟ್ಟನ್ನೋ ಹಾಕಿಕೊಂಡೇ ಇದ್ದರು. ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹಾಲ್ ಬಾಡಿಗೆಗೆಂದು ಒಂದಿಷ್ಟು ಕೇಳಿದರೆ ಅದು ಬೇರೆ ಮಾತು. ದೀಕ್ಷೆಗೆ ದುಡ್ಡು ಕೊಡು, ಮೈ ಒಪ್ಪಿಸು ಎನ್ನುವ ವ್ಯಕ್ತಿ ಯಾರೇ ಆಗಿರಲಿ, ಮಗಳು ತಕ್ಷಣ ಎದ್ದು ಬರಬೇಕು.

ಹಾಗಾಗಿ ರೂಮ್‌ಮೇಟ್‌ನ್ನು ಮೊದಲೇ ಕೇಳಲಿ: ಇದು ಎಲ್ಲರಿಗೂ ತೆರೆದದ್ದೋ, ಎಲ್ಲಿ ನಡೆಯುತ್ತದೆ, ಯಾರು ನಡೆಸುತ್ತಾರೆ. ಸಾಧ್ಯವಾದರೆ ಅದಕ್ಕೂ ಮುಂಚೆ ಅವರ ಮೂಟ್‌ಗೆ ಹೋಗಿ ಬರಲಿ. ಅದು ಪಬ್ಬಿನಲ್ಲೋ ಕೆಫೆಯಲ್ಲೋ ಕೂತು ಮಾತಾಡುವ ಸಭೆ ಅಷ್ಟೆ, ಆ ಜನ ಎಂಥವರೆಂದು ಅಲ್ಲೇ ಗೊತ್ತಾಗುತ್ತದೆ. ವೈನ್ ಬೇಡವಾದರೆ ಜ್ಯೂಸ್ ಬೇಕೆಂದು ಮುಂಚೆಯೇ ಹೇಳಬಹುದು, ಬಟ್ಟಲಿಗೆ ಬರಿದೇ ತುಟಿ ತಾಗಿಸಿದರೂ ಯಾರೂ ಬೇಸರಪಡುವುದಿಲ್ಲ. ಫೋಟೋ ತೆಗೆಯುವುದು ಬೇಡ. ಹಂಚಿಕೊಳ್ಳಲು ಏನಾದರೂ ತಿಂಡಿ ಒಯ್ಯಲಿ, ಮತ್ತೆ ಬೆಚ್ಚನೆಯ ಕಾಲುಚೀಲ ಹಾಕಿಕೊಳ್ಳಲಿ. ಅಕ್ಟೋಬರ್ ಕೊನೆಗೆ ರಾತ್ರಿ ಹೊರಗೆ ನಿಂತರೆ ಇಲ್ಲಿ ಕಾಲು ಮರಗಟ್ಟುತ್ತದೆ.