ಮಕ್ಕಳ ಡಾಕ್ಟರ್ ಎಂಬಿಎ ಮಾಡಬೇಕಾ?

ಪ್ರಶ್ನೆ: ನಾನು ಮಕ್ಕಳ ತಜ್ಞೆ, ವಯಸ್ಸು 41. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ 11 ವರ್ಷದಿಂದ ಇದ್ದೇನೆ. ಕಳೆದ ವರ್ಷ ಮೆಡಿಕಲ್ ಡೈರೆಕ್ಟರ್ ಮಾಡಿದರು. ಮೀಟಿಂಗಿನಲ್ಲಿ ಅಕೌಂಟ್ಸ್‌ನವರು ಹೇಳುವುದು ಅರ್ಧಕ್ಕರ್ಧ ತಲೆಗೆ ಹೋಗುವುದಿಲ್ಲ. ನನಗಿಂತ ಹಿರಿಯ ಸರ್ಜನ್‌ಗಳಿಗೆ ಏನಾದರೂ ಹೇಳಬೇಕೆಂದರೆ ನಾಲಿಗೆ ಏಳುವುದಿಲ್ಲ. ನರ್ಸ್‌ಗಳು ಆರು ತಿಂಗಳೂ ನಿಲ್ಲುತ್ತಿಲ್ಲ. ಎಂಬಿಎ ಮಾಡಿದರೆ ನಾಯಕತ್ವ ಬರುತ್ತದೆಯೇ? ಮನೆಯಲ್ಲಿ ‘ಈ ವಯಸ್ಸಿನಲ್ಲಿ ಯಾಕೆ’ ಅಂತಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಾನೂ ವೈದ್ಯ. ಆಸ್ಪತ್ರೆಯ ಜವಾಬ್ದಾರಿ ಹೆಗಲಿಗೆ ಬಿದ್ದ ಮೇಲೆ, 43ನೇ ವಯಸ್ಸಿನಲ್ಲಿ, ವಾರಾಂತ್ಯದ ಎಂಬಿಎಗೆ ಸೇರಿದೆ. ಹಾಗಾಗಿ ವಯಸ್ಸಿನ ಮಾತು ಬಿಡಿ. ಮಾಡಿ ಅಂತಲೇ ಹೇಳುತ್ತೇನೆ. ಆದರೆ ನಿಮ್ಮ ಆಸ್ಪತ್ರೆಯ ಒಂದು ತೊಂದರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕ್ಲಾಸಿಗೆ ಹೋಗಬೇಕು. ಬರಿಗೈಯಲ್ಲಿ ಹೋದರೆ ಎರಡು ವರ್ಷದ ಭಾನುವಾರಗಳೂ ದುಡ್ಡೂ ಸುಮ್ನೆ ಹೋಗುತ್ತವೆ.

ಲೆಕ್ಕದ ಭಯ ಎಲ್ಲಕ್ಕಿಂತ ಬೇಗ ಹೋಗುತ್ತದೆ. ನಾನಿದ್ದ ಆಸ್ಪತ್ರೆಯಲ್ಲಿ ಒಂದು ವರ್ಷ ಪುಸ್ತಕದಲ್ಲಿ ಒಳ್ಳೆಯ ಲಾಭ ಇತ್ತು, ಸಂಬಳ ಕೊಡಲು ದುಡ್ಡಿರಲಿಲ್ಲ. ಯಾರೋ ನುಂಗಿದ್ದಾರೆ ಅಂತಲೇ ನನಗೆ ಅನುಮಾನ. ಆಮೇಲೆ ಗೊತ್ತಾಯಿತು, ಇನ್ಶೂರೆನ್ಸ್ ಮತ್ತು ಸರ್ಕಾರಿ ಯೋಜನೆಗಳ ಬಿಲ್ ತಿಂಗಳುಗಟ್ಟಲೆ ಬಾಕಿ ಇದ್ದವು. ಉದ್ರಿ ಪುಸ್ತಕ ತುಂಬಿದೆ, ಗಲ್ಲಾ ಖಾಲಿ. ಯಾವ ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ವಿಷಯ ಇದು. ನಮಗೆ ಮೆಡಿಕಲ್ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ. ಲ್ಯಾಬ್ ರಿಪೋರ್ಟ್ ಓದುವವರಿಗೆ ಬ್ಯಾಲೆನ್ಸ್ ಶೀಟ್ ಕಷ್ಟವಾಗುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ಆಪರೇಷನ್ಸ್ ಪಾಠ. ಶಸ್ತ್ರಚಿಕಿತ್ಸೆಯದ್ದಲ್ಲ, ದಿನನಿತ್ಯದ ಕೆಲಸ ಹಂತ ಹಂತವಾಗಿ ಹೇಗೆ ಸಾಗುತ್ತದೆ ಅನ್ನುವುದರದ್ದು. ಡಾಕ್ಟರ್ ಬೆಳಗ್ಗೆ ಹತ್ತಕ್ಕೆ ‘ಇವತ್ತು ಮನೆಗೆ ಹೋಗಬಹುದು’ ಅಂದಿರುತ್ತಾರೆ. ಸಂಜೆ ಐದಾದರೂ ರೋಗಿ ಅಲ್ಲೇ. ತಾಯಿ ಬ್ಯಾಗ್ ಕಟ್ಟಿ, ಮಗುವಿಗೆ ಚಪ್ಪಲಿ ಹಾಕಿಸಿ, ಮಂಚದ ತುದಿಯಲ್ಲಿ ಕೂತಿರುತ್ತಾಳೆ. ನೀವೂ ನೋಡಿರುತ್ತೀರಿ, ಅಲ್ವಾ? ನಾನು ದಿನಾ ಬಿಲ್ಲಿಂಗ್ ಹುಡುಗನನ್ನು ಬೈಯುತ್ತಿದ್ದೆ. ಕ್ಲಾಸಿನಲ್ಲಿ ಕೊಟ್ಟ ಹೋಮ್‌ವರ್ಕ್ ಅಂತ ಒಂದು ವಾರ ಪ್ರತಿ ಹಂತದ ಟೈಮ್ ಬರೆದೆ. ಬಿಲ್ ಆಗಲು ಬೇಕಿದ್ದು ಇಪ್ಪತ್ತು ನಿಮಿಷ. ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದ ಜೂನಿಯರ್ ಡಾಕ್ಟರ್ ಮಾತ್ರ ಮಧ್ಯಾಹ್ನದವರೆಗೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಇರುತ್ತಿದ್ದರು. ಅವರನ್ನು ಅಲ್ಲಿಗೆ ಹಾಕಿದ್ದು ನಾನೇ. ಹಿಂದಿನ ಸಂಜೆಯೇ ಸಮ್ಮರಿ ಬರೆದಿಡುವ ಪದ್ಧತಿ ಮಾಡಿದೆವು. ಆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು. 40 ಹಾಸಿಗೆಯ ವಾರ್ಡು ಸದಾ ತುಂಬಿದೆ, ಒಬ್ಬ ರೋಗಿ ಸರಾಸರಿ 5 ದಿನ ಇರುತ್ತಾರೆ ಅಂದುಕೊಳ್ಳಿ. ದಿನಕ್ಕೆ 8 ಜನರನ್ನು ಸೇರಿಸಿಕೊಳ್ಳಬಹುದು. ಸಂಜೆ ಹಾಸಿಗೆ ಖಾಲಿಯಾದರೆ ಹೊಸ ರೋಗಿ ಬರುವುದು ಮರುದಿನ. ಹಾಗೆ ಹಾಳಾಗುವ ಒಂದು ದಿನ ಉಳಿದು 5 ದಿನ 4 ಆದರೆ, 10 ಜನ. ಒಂದು ಮಂಚವನ್ನೂ ಹೊಸದಾಗಿ ಕೊಂಡಿಲ್ಲ, ಯಾರನ್ನೂ ಬೇಗ ಮನೆಗೆ ಅಟ್ಟಿಲ್ಲ. ಈ ಲೆಕ್ಕ ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಾಸಿಗೆ ಇಲ್ಲ ಅಂತ ಎಷ್ಟು ಜನರನ್ನು ವಾಪಸ್ ಕಳಿಸಿದ್ದೆವು ಅಂತ ಯೋಚಿಸುತ್ತಿದ್ದೆ.

ನಾಯಕತ್ವದ ಮಾತು. ಅದನ್ನು ಪದವಿ ನೇರವಾಗಿ ಕೊಡುವುದಿಲ್ಲ. ವೈದ್ಯರಾಗಿದ್ದ ಟಿ.ಎಂ.ಎ. ಪೈ ಅವರು 1925ರಲ್ಲಿ ಇಬ್ಬರ ಜೊತೆ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ತಂದಿತು, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಕಟ್ಟಿಸಿಕೊಂಡರು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಆಗ ಈ ದೇಶದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಐಐಎಂಗಳೇ ಇರಲಿಲ್ಲ.

ಆದರೂ ಕ್ಲಾಸು ನನಗೆ ಒಂದು ಕನ್ನಡಿ ಹಿಡಿಯಿತು. ಒಂದು ರಾತ್ರಿ ನರ್ಸ್ ಒಬ್ಬರು ತಪ್ಪು ಡೋಸ್ ಕೊಟ್ಟು, ತಾವೇ ಬಂದು ಹೇಳಿದ್ದರು. ರೋಗಿಗೆ ಏನೂ ಆಗಲಿಲ್ಲ. ನಾನು ಎಲ್ಲರ ಎದುರು ಬೈದೆ. ಆಮೇಲೆ ಮೂರು ತಿಂಗಳು ಆ ವಾರ್ಡಿನಿಂದ ಒಂದು ತಪ್ಪೂ ವರದಿಯಾಗಲಿಲ್ಲ. ಸುಧಾರಿಸಿದರು ಅಂತ ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳಿದೆ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಸಹಪಾಠಿ ಮೆಲ್ಲಗೆ ಕೇಳಿದ: “ಸರ್, ತಪ್ಪು ನಿಂತಿದೆಯೋ, ಹೇಳೋದು ನಿಂತಿದೆಯೋ?” ಹಾರ್ವರ್ಡ್‌ನ ಆಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಕಂಡಿದ್ದೂ ಇದನ್ನೇ. ಒಳ್ಳೆಯ ತಂಡಗಳಲ್ಲಿ ತಪ್ಪಿನ ವರದಿ ಜಾಸ್ತಿ ಇತ್ತು, ಯಾಕೆಂದರೆ ಅಲ್ಲಿ ಹೇಳಲು ಹೆದರಿಕೆ ಇರಲಿಲ್ಲ. ವೈದ್ಯರ ಮಧ್ಯೆಯೇ ಇದ್ದಿದ್ದರೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳುತ್ತಿರಲಿಲ್ಲ. ನಿಮ್ಮ ನರ್ಸ್‌ಗಳ ವಿಷಯದಲ್ಲಿ ಇದನ್ನು ನೆನಪಿಡಿ. ಸಂಬಳವೂ ಕಾರಣ ಇರಬಹುದು, ಆದರೆ ಅದೊಂದೇ ಅಂತ ಮೊದಲೇ ತೀರ್ಮಾನಿಸಬೇಡಿ.

ಹಿರಿಯ ಸರ್ಜನ್‌ಗಳಿಗೆ ಆದೇಶ ಕೊಡಲು ಹೋಗಬೇಡಿ. ಎಂಟಕ್ಕೆ ಶುರುವಾಗಬೇಕಾದ ಓಟಿ ಒಂದು ತಿಂಗಳು ನಿಜವಾಗಿ ಎಷ್ಟೊತ್ತಿಗೆ ಶುರುವಾಯಿತು ಅಂತ ಹಾಳೆಯಲ್ಲಿ ಬರೆದು, ಅವರ ರೂಮಿಗೆ ಒಬ್ಬರೇ ಹೋಗಿ ತೋರಿಸಿ. ‘ಸರ್, ಇದಕ್ಕೆ ಏನು ಮಾಡೋಣ’ ಅಂತ ಕೇಳಿ.

ಕೋರ್ಸ್ ಯಾವುದು? ಒಂದು ವರ್ಷದ ಫುಲ್‌ಟೈಮ್ ಬೇಡ, ಓಪಿಡಿ ಬಿಡಬೇಕಾಗುತ್ತದೆ. ಕೆಲಸ ಮಾಡುತ್ತಲೇ ಓದುವ ವಾರಾಂತ್ಯದ ಕೋರ್ಸೇ ನಿಮಗೆ ಸರಿ. ಆದರೆ ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್, ಆ ಓಡಾಟವನ್ನು ಮನೆಯವರ ಜೊತೆ ಕೂತು ಮಾತಾಡಿಯೇ ಒಪ್ಪಿಕೊಳ್ಳಿ. ಕೊನೆಗೆ ಸಿಗುವುದು ಪದವಿಯೋ ಸರ್ಟಿಫಿಕೇಟೋ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಐಐಎಂಗಳಿಗೇ ಪದವಿ ಕೊಡುವ ಅಧಿಕಾರ ಬಂದಿದ್ದು 2017ರ ಕಾಯ್ದೆಯಿಂದ. ಫೀಸು ಭಾರ ಅನಿಸಿದರೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಆಸ್ಪತ್ರೆ ನಿರ್ವಹಣೆಯ ಪಿಜಿ ಡಿಪ್ಲೊಮಾ ಇದೆ. ಮೊದಲು ಅದನ್ನು ಮಾಡಿ ನೋಡುವುದರಲ್ಲಿ ಏನೂ ಕಡಿಮೆಯಿಲ್ಲ.

ಅರ್ಜಿ ಹಾಕುವ ಮುಂಚೆ ಎರಡು ಕೆಲಸ ಮಾಡಿ. ಮುಂದಿನ ಹತ್ತು ಡಿಸ್ಚಾರ್ಜ್‌ಗಳ ಟೈಮ್ ನೀವೇ ನಿಂತು ಬರೆಯಿರಿ. ಕಳೆದ ವರ್ಷ ಬಿಟ್ಟುಹೋದ ಐದು ನರ್ಸ್‌ಗಳಿಗೆ ನೀವೇ ಫೋನ್ ಮಾಡಿ, ಯಾಕೆ ಹೋದರು ಅಂತ ಕೇಳಿ, ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಿ. ಆ ಹಾಳೆಗಳನ್ನು ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ. ‘ಎಂಬಿಎ ಯಾಕೆ ಬೇಕು’ ಅಂತ ಅವರು ಕೇಳಿದಾಗ ಮೇಜಿನ ಮೇಲೆ ಇಡಿ.