ಬೀಗರ ಮುಂದೆ ಮರ್ಯಾದೆ, 30 ಸಾವಿರದ ಹೂವು

ಪ್ರಶ್ನೆ: ನನಗೆ 27 ವರ್ಷ. ಫೆಬ್ರವರಿ ಎರಡನೇ ವಾರ ತುಮಕೂರಿನ ಛತ್ರದಲ್ಲಿ ಮದುವೆ. ಹಿಂದಿನ ರಾತ್ರಿ ಆರತಕ್ಷತೆ, ಬೆಳಿಗ್ಗೆ 9.30ಕ್ಕೆ ಮುಹೂರ್ತ. ಹೂವಿಗೆಂದು ನಾನು ಎತ್ತಿಟ್ಟಿರುವುದು 30 ಸಾವಿರ. ಡೆಕೋರೇಶನ್‌ನವರು 95 ಸಾವಿರ ಹೇಳಿದ್ದಾರೆ. ‘ಬೀಗರ ಮುಂದೆ ತಲೆ ತಗ್ಗಬಾರದು, ಬಳೆ ಅಡವಿಡ್ತೀನಿ’ ಎಂದು ಅಮ್ಮನ ಹಟ. ಪ್ಲಾಸ್ಟಿಕ್ ಹೂವು ಹಾಕಿಸೋಣ ಎಂದರೆ ಅಳುತ್ತಾರೆ. ನಾನು ಜಿಪುಣಿಯಾ?

ಉತ್ತರ: ಜಿಪುಣಿ ಅಲ್ಲ. ಬಳೆ ಬೀರುವಿನಲ್ಲೇ ಇರಲಿ. ಆದರೆ ಪ್ಲಾಸ್ಟಿಕ್ ವಿಷಯದಲ್ಲಿ ನಾವು ನಿಮ್ಮ ಅಮ್ಮನ ಕಡೆ. ನಿಮ್ಮ ದುಡ್ಡಿನಲ್ಲೇ ನಿಜವಾದ ಹೂವು ಬರುತ್ತದೆ, ಆರಿಸುವುದು ಗೊತ್ತಿರಬೇಕು ಅಷ್ಟೆ.

ಮೊದಲು ಆ 95 ಸಾವಿರದ ಪಟ್ಟಿಯನ್ನು ಬಿಡಿಸಿ ಬರೆದುಕೊಡಲು ಹೇಳಿ. ಆರತಕ್ಷತೆಗೊಂದು, ಮುಹೂರ್ತಕ್ಕೊಂದು ಎಂದು ಎರಡು ಅಲಂಕಾರ ಅದರಲ್ಲಿದೆಯೇ ನೋಡಿ. ಇದ್ದರೆ ಮಧ್ಯರಾತ್ರಿ ಒಂದನ್ನು ಕಿತ್ತು ಇನ್ನೊಂದು ಕಟ್ಟುವ ಕೂಲಿಯೂ ನಿಮ್ಮದೇ. ಹಿಂಬದಿಯ ಅಲಂಕಾರ ಒಂದೇ ಇರಲಿ; ರಾತ್ರಿ ಅದರ ಮುಂದೆ ಸೋಫಾ, ಬೆಳಿಗ್ಗೆ ಹಸೆಮಣೆ. ಹಾಗಾಗಿ ಸಂಜೆ 7ರಿಂದ ಮರುದಿನ 11ರವರೆಗೆ, ಅಂದರೆ 16 ಗಂಟೆ ಬಾಡದೆ ನಿಲ್ಲುವ ಹೂವು ಬೇಕು. ಚೆಂಡುಹೂವು, ಸೇವಂತಿಗೆ ನಿಲ್ಲುತ್ತವೆ. ಗುಲಾಬಿ, ಮಲ್ಲಿಗೆ ನಿಲ್ಲುವುದಿಲ್ಲ.

ಆ ವಾರ ಗುಲಾಬಿಗೆ ಕೈ ಹಾಕಲೇಬೇಡಿ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆಂದು ಬೆಂಗಳೂರು, ಹೊಸೂರು ಸುತ್ತಿನ ಒಳ್ಳೆಯ ಗುಲಾಬಿ ವಿಮಾನ ಹತ್ತಿರುತ್ತದೆ, ಇಲ್ಲಿ ಉಳಿದದ್ದಕ್ಕೆ ಚಿನ್ನದ ಬೆಲೆ. ಮಲ್ಲಿಗೆ ಇಳುವರಿಯೂ ಚಳಿಗೆ ಬಿದ್ದಿರುತ್ತದೆ. ಶಿವರಾತ್ರಿ ಹತ್ತಿರವಿದ್ದರೆ ಎಲ್ಲ ಹೂವಿನ ದರವೂ ಏರುತ್ತದೆ, ಪಂಚಾಂಗ ನೋಡಿಕೊಳ್ಳಿ.

ವೇದಿಕೆಯ ಲೆಕ್ಕ ಹೀಗೆ. 8 ಅಡಿಯ ನಾಲ್ಕು ಕಂಬ, ಪ್ರತಿ ಕಂಬಕ್ಕೆ ಎರಡು ಸರ: 64 ಅಡಿ. 10 ಅಡಿ ಅಗಲದ ಹಿಂಬದಿಗೆ ಅರ್ಧ ಅಡಿಗೊಂದರಂತೆ 6 ಅಡಿಯ 20 ಸರ: 120 ಅಡಿ. ಒಟ್ಟು 184 ಅಡಿ. ದಪ್ಪ ಚೆಂಡುಹೂವನ್ನು ಒತ್ತಾಗಿ ಪೋಣಿಸಿದರೆ ಒಂದು ಕೆಜಿಗೆ 10–11 ಅಡಿ ಸರ ಸಿಗುತ್ತದೆ. ಅಲ್ಲಿಗೆ 18 ಕೆಜಿ, ಉದುರಿದ್ದು ಕೊಳೆತದ್ದು ಸೇರಿ 20. ಮೂರು ಹೂವಿಗೊಂದು ಮಡಚಿದ ಮಾವಿನೆಲೆ ಸೇರಿಸಿ ಪೋಣಿಸಿದರೆ 14 ಕೆಜಿಯೇ ಸಾಕು. ನೋಡಲೂ ಇದೇ ಚೆನ್ನ, ಬರೀ ಹಳದಿ ಕಣ್ಣಿಗೆ ಹೊಡೆಯುತ್ತದೆ. ಸರಗಳ ಹಿಂದೆ ಕಡುಹಸಿರು ಬಟ್ಟೆ ಇಳಿಬಿಡಿ, ಇಲ್ಲದಿದ್ದರೆ ಫೋಟೋದಲ್ಲಿ ಛತ್ರದ ಗೋಡೆಯೇ ಎದ್ದು ಕಾಣುತ್ತದೆ. ಇನ್ನು ಬಾಗಿಲಿಗೆ ಗೊನೆ ಸಮೇತ ಎರಡು ಬಾಳೆಕಂದು, ಹೆಣೆದ ತೆಂಗಿನ ಗರಿ. ತೆಂಗಿನ ನಾಡಿನಲ್ಲಿದ್ದೀರಿ, ಗರಿಗೆ ಯಾರೂ ದುಡ್ಡು ಕೇಳುವುದಿಲ್ಲ. ಫಲ ಕೊಡುವ ಮರದ ಸುಳಿಗೆ ಮಾತ್ರ ಕತ್ತಿ ಹಾಕಿಸಬೇಡಿ.

ಹಿಂದಿನ ದಿನ ಬೆಳಗಿನ ಜಾವವೇ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ. ಹೂವಿನ ಅರ್ಧ ನಷ್ಟ ಆಗುವುದು ಮನೆಗೆ ತಂದ ಮೇಲೆ. ಮೂಟೆಯನ್ನು ಬಿಚ್ಚದೆ ಬಿಟ್ಟರೆ ಹೂವು ಉಸಿರಾಡಿ ಒಳಗೇ ಕಾವು ಕಟ್ಟುತ್ತದೆ, ಮಧ್ಯಾಹ್ನಕ್ಕೆ ನಡುವಿನ ಹೂವು ಬೆಂದು ಕಪ್ಪಾಗಿರುತ್ತದೆ. ತಂದ ತಕ್ಷಣ ನೆರಳಿನಲ್ಲಿ ಚಾಪೆಯ ಮೇಲೆ ತೆಳುವಾಗಿ ಹರವಿ. ಚೆಂಡುಹೂವಿಗೆ ನೀರು ಚಿಮುಕಿಸುವುದು ಬೇಡ, ಎಸಳ ಸಂದಿಯಲ್ಲಿ ನಿಂತ ನೀರೇ ಅದನ್ನು ಕೊಳೆಸುವುದು. ದಬ್ಬಣಕ್ಕೆ ಎರಡೆಳೆ ಹತ್ತಿ ದಾರ ಹಾಕಿ ಐದಾರು ಜನ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಸಂಜೆ 4ಕ್ಕೆ ಕಟ್ಟಿಸಿ. ಫೋಕಸ್ ಲೈಟು ಸರದಿಂದ ಮೂರಡಿ ದೂರವಿರಲಿ.

ಕೆಲವು ಛತ್ರಗಳು ತಮ್ಮದೇ ಡೆಕೋರೇಶನ್‌ನವರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೂ ಪ್ರತ್ಯೇಕ ಶುಲ್ಕ ಕೇಳುತ್ತವೆ. ಗೋಡೆಗೆ ಮೊಳೆ ಹೊಡೆಯಲು ಬಿಡದಿದ್ದರೆ ಕಬ್ಬಿಣದ ಫ್ರೇಮು ಬಾಡಿಗೆಗೆ ತರಬೇಕು. ಈ ವಾರವೇ ಕೇಳಿಕೊಳ್ಳಿ.

ವೇದಿಕೆಯ ಸಾಮಾನಿಗೆ 10 ಸಾವಿರ, ಫ್ರೇಮು ಮತ್ತು ಕೂಲಿಗೆ 6 ಸಾವಿರ ಇಡಿ. ಮಿಕ್ಕ 14 ಸಾವಿರವನ್ನು ಹತ್ತಿರದಿಂದ ಕಾಣುವ ಹೂವಿಗೆ ಸುರಿಯಿರಿ, ಇಲ್ಲಿ ಮಾತ್ರ ಚೌಕಾಸಿ ಬೇಡ. ಹಾರಗಳು ಸುಗಂಧರಾಜದವು, ರಾತ್ರಿಗೊಂದು ಜೋಡಿ, ಮುಹೂರ್ತಕ್ಕೊಂದು ಜೋಡಿ. ಹೂವಿನವರು ತಾಜಾ ಕಾಣಲೆಂದು ಹಾರವನ್ನು ನೀರಲ್ಲಿ ಅದ್ದಿ ಕೊಡುವುದುಂಟು. ಆ ನೀರು ರೇಷ್ಮೆ ಸೀರೆಯ ಮೇಲೆ ಇಳಿದರೆ ಕಲೆ ಹೋಗುವುದಿಲ್ಲ. ಕೊಡವಿಸಿ, ಒಣಬಟ್ಟೆಯ ಮೇಲೆ ಹತ್ತು ನಿಮಿಷ ಮಲಗಿಸಿ ಆಮೇಲೆ ಹಾಕಿಕೊಳ್ಳಿ. ಮೊಗ್ಗಿನ ಜಡೆಗೆ ಮಲ್ಲಿಗೆಯೇ ಆಗಬೇಕೆಂದಿಲ್ಲ, ಕಾಕಡದ ಮೊಗ್ಗಿನಲ್ಲಿ ಕನಕಾಂಬರದ ಅಂಚು ಕೊಟ್ಟು ಹೆಣೆಸಿ. ಕಾಕಡಕ್ಕೆ ಪರಿಮಳವಿಲ್ಲ, ನಿಜ. ಜಡೆಯ ಬುಡದಲ್ಲಿ ಒಂದು ಮೊಳ ಮಲ್ಲಿಗೆ ಸುತ್ತಿದರೆ ಆ ಕೊರತೆ ಯಾರಿಗೂ ತಿಳಿಯದು. ಆ ಮಲ್ಲಿಗೆ ಮುಹೂರ್ತದ ದಿನ ಬೆಳಗಿನ ಜಾವ ತಂದ ಮೊಗ್ಗೇ ಆಗಿರಲಿ, ಹಿಂದಿನ ದಿನದ್ದು ರಾತ್ರಿಯೇ ಅರಳಿ ತಾಳಿ ಕಟ್ಟುವ ಹೊತ್ತಿಗೆ ಕಂದಿರುತ್ತದೆ.

ಅರಿಶಿನ ಕುಂಕುಮದ ಜೊತೆ ಕೊಡಲು ಕಾಕಡದ ದಂಡೆ ಸಾಕು. 160 ಹೆಣ್ಣುಮಕ್ಕಳಿಗೆ ತಲೆಗೊಂದು ಗೇಣು ಎಂದರೆ 80 ಮೊಳ, ಅಂದರೆ 20 ಮಾರು. ಮಾರುವವರ ಕೈ ಗಿಡ್ಡವಿರಬಹುದು, 22 ಮಾರು ತನ್ನಿ.

ಈಗ ಅಮ್ಮನ ವಿಷಯ. ಲೆಕ್ಕ ಒಪ್ಪಿಸಿ ಅವರನ್ನು ಗೆಲ್ಲಲಾಗುವುದಿಲ್ಲ. ಅವರ ಭಯ ವೇದಿಕೆಯದ್ದಲ್ಲ, ಬೀಗಿತ್ತಿಯರದ್ದು. ಹಿಂಬದಿಯ ಹೂವನ್ನು ಬೀಗಿತ್ತಿಯರು ಒಮ್ಮೆ ನೋಡಿ ಕೂರುತ್ತಾರೆ, ಮುಡಿಗೆ ಬಂದ ಹೂವನ್ನು ಮಾತ್ರ ಕೈಯಿಂದ ಮುಟ್ಟಿ ನೋಡುತ್ತಾರೆ. ಹತ್ತಿರದ ಹತ್ತು ಬೀಗಿತ್ತಿಯರಿಗೆ ತಲಾ ಎರಡು ಮೊಳ ಒತ್ತಾಗಿ ಕಟ್ಟಿದ ಮಲ್ಲಿಗೆ ತೆಗೆದಿರಿಸಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ವರಪೂಜೆಯ ಹೊತ್ತಿಗೆ ಅಮ್ಮನ ಕೈಗೆ ಕೊಡಿ. ಮುಡಿಸುವುದು ಅವರೇ ಆಗಲಿ.