ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಹುರಿದರೂ ಸರಿಹೋಗಲ್ಲ

ಪ್ರಶ್ನೆ: ಡಬ್ಬದಲ್ಲಿದ್ದ ಕಡಲೆಕಾಯಿ ಬೀಜಕ್ಕೆ ಅಲ್ಲಲ್ಲಿ ಬೂಷ್ಟು ಬಂದಿದೆ. ಎರಡು ಕೆಜಿ ಇದೆ, ಎಸೆಯಲು ಮನಸ್ಸಿಲ್ಲ. ತೊಳೆದು, ಬಿಸಿಲಿಗೆ ಹಾಕಿ, ಚೆನ್ನಾಗಿ ಹುರಿದು ಚಟ್ನಿಪುಡಿ ಮಾಡಬಹುದಾ?

ಬೇಡ. ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ. ಪ್ರತಿಯೊಬ್ಬರೂ ‘ಚೆನ್ನಾಗಿ ಹುರಿದು’ ಅಂತ ಸೇರಿಸಿರುತ್ತಾರೆ. ಹುರಿದರೆ ಬೂಷ್ಟು ಸಾಯುತ್ತದೆ, ನಿಜ. ಸಾಯುವ ಮೊದಲು ಅದು ಬೀಜದೊಳಗೆ ಬಿಟ್ಟ ವಿಷ ಹಾಗೇ ಇರುತ್ತದೆ. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಅದು ಪೂರ್ತಿ ಒಡೆಯಬೇಕಾದರೆ 240 ಡಿಗ್ರಿ ದಾಟಿದ ಶಾಖ ಬೇಕು. ಅಷ್ಟು ಹೊತ್ತಿಗೆ ಬಾಣಲೆಯಲ್ಲಿ ಬೀಜ ಕರಕಲಾಗಿರುತ್ತದೆ. ಮನೆ ಹುರಿತದಲ್ಲಿ ವಿಷ ಒಂದಿಷ್ಟು ತಗ್ಗಬಹುದು, ಅಷ್ಟೇ. ತೊಳೆಯುವುದಂತೂ ಬೂಷ್ಟಿಗೆ ನೀರುಣಿಸಿದ ಹಾಗೆ.

‘ಚಿಕ್ಕಂದಿನಿಂದ ತಿಂದಿದ್ದೇವೆ, ಏನೂ ಆಗಿಲ್ಲ’ ಅನ್ನುವವರಿಗೆ ಒಂದು ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದರೆ ಸಿಕ್ಕಿದ್ದು ಕಡಲೆಕಾಯಿ ಹಿಂಡಿ. ಈ ವಿಷ ಪತ್ತೆಯಾಗಿದ್ದೇ ಹಾಗೆ. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಬೂಷ್ಟು ಹಿಡಿದ ಜೋಳ, ಅಂದರೆ ಮೆಕ್ಕೆಜೋಳ, ತಿಂದ ಬಡವರಿಗೆ ಕಾಮಾಲೆ ಬಂತು, ಹೊಟ್ಟೆ ನೀರು ತುಂಬಿ ಊದಿತು. ನೂರಕ್ಕೂ ಹೆಚ್ಚು ಜನ ತೀರಿಹೋದರು. ಅವರಿಗೆ ಎಸೆದು ಬೇರೆ ತಿನ್ನುವ ಅನುಕೂಲ ಇರಲಿಲ್ಲ. ನಿಮಗಿದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ತಿಂದರೆ ಅದೇ ವಿಷ ಲಿವರ್ ಕ್ಯಾನ್ಸರ್ ತರುತ್ತದೆ. ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ.

ಈ ಬೂಷ್ಟು ಶುರುವಾಗುವುದು ಹೊಲದಲ್ಲೇ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಮಣ್ಣಿನಲ್ಲಿರುವ ಶಿಲೀಂಧ್ರ ಕಾಯಿಯೊಳಗೆ ನುಗ್ಗುತ್ತದೆ. ಪಾವಗಡ, ಚಳ್ಳಕೆರೆ ಕಡೆ ಮಳೆ ಕೈಕೊಡುವುದು ಹೊಸದೇನಲ್ಲ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಇನ್ನಷ್ಟು ಹಬ್ಬುತ್ತದೆ. ನನಗೆ ಕೋಪ ಬರುವುದು ಇನ್ನೊಂದು ಕೆಲಸಕ್ಕೆ. ಸುಲಿಯುವಾಗ ಬೀಜ ಒಡೆಯಬಾರದು ಅಂತ ಕಾಯಿಗೆ ನೀರು ಚಿಮುಕಿಸುತ್ತಾರೆ. ಒಣಗಿಸಿದ್ದೆಲ್ಲ ಅಲ್ಲಿಗೆ ದಂಡ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ್ದರೆ ಒಳಗೆ ಗಲಗಲ ಅನ್ನುತ್ತದೆ.

ವಿಷ ಎಲ್ಲ ಬೀಜಕ್ಕೂ ಸಮನಾಗಿ ಹರಡಿರುವುದಿಲ್ಲ. ಒಂದೇ ಬೀಜದಲ್ಲಿ ಇಡೀ ಚೀಲ ಕೆಡಿಸುವಷ್ಟು ಇರಬಹುದು. ಅದಕ್ಕೇ ಒಳ್ಳೆಯ ಬೀಜವನ್ನೂ ನಾನು ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಹರಡಿ ನೋಡುತ್ತೇನೆ. ಸಿಪ್ಪೆ ಹೋದ ಮೇಲೆ ಕೆಟ್ಟದ್ದು ಬೇಗ ಗೊತ್ತಾಗುತ್ತದೆ: ಕಂದು ಬಣ್ಣ, ಸುಕ್ಕು, ಎರಡು ಬೇಳೆಯ ನಡುವೆ ಹಸಿರು ಮಿಶ್ರಿತ ಬೂದಿಯಂಥ ಪುಡಿ. ಅಂಥವನ್ನು ಆರಿಸಿ ಎಸೆಯಿರಿ. ಕಹಿ ಬೀಜ ಬಾಯಿಗೆ ಬಂದರೆ ಉಗುಳಿ. ಮಕ್ಕಳಿಗೂ ಇದನ್ನು ಹೇಳಿಕೊಡಿ. ಆದರೆ ನಿಮ್ಮ ಡಬ್ಬದ ಹಾಗೆ ಅಲ್ಲಲ್ಲಿ ಬೂಷ್ಟು ಕಾಣುವಷ್ಟಾದರೆ ಆರಿಸುತ್ತಾ ಕೂರಬೇಡಿ. ಪೂರ್ತಿ ಎಸೆಯಿರಿ. ಹಸುವಿಗೂ ಹಾಕಬೇಡಿ.

ಪ್ರಶ್ನೆ: ಹಸುವಿಗೆ ಹಾಕಿದರೆ ಏನಾಗುತ್ತದೆ?

ವಿಷ ಹಾಲಿಗೆ ಬರುತ್ತದೆ, ಕಾಯಿಸಿದರೂ ಹೋಗಲ್ಲ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ ತುಂಬ 6,432 ಹಾಲಿನ ಮಾದರಿ ಪರೀಕ್ಷಿಸಿತು. ಆರೋಗ್ಯಕ್ಕೆ ಅಪಾಯ ಅನ್ನುವಂಥ ಕಲಬೆರಕೆ ಇದ್ದದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ. ಯೂರಿಯಾ, ಡಿಟರ್ಜೆಂಟ್ ಬಗ್ಗೆ ನನ್ನನ್ನು ಕೇಳುವವರು ಹಸುವಿಗೆ ಹಾಕುವ ಹಿಂಡಿಯ ಬಗ್ಗೆ ಕೇಳುವುದೇ ಇಲ್ಲ.

ಪ್ರಶ್ನೆ: ಗಾಣದ ಎಣ್ಣೆ ಶುದ್ಧ ಅಲ್ವಾ?

ಹಾಕಿದ ಬೀಜ ಶುದ್ಧವಿದ್ದರೆ. ರಿಫೈನ್ ಮಾಡುವಾಗ ಕ್ಷಾರ ಹಾಕುವುದರಿಂದ ಈ ವಿಷ ಹೋಗುತ್ತದೆ, ಗಾಣದಲ್ಲಿ ಆ ಹಂತವೇ ಇಲ್ಲ. ಗಾಣದವರು ಯಾವ ಬೀಜ ಸುರಿಯುತ್ತಾರೆ ಅಂತ ನಿಂತು ನೋಡಿ ಕೊಳ್ಳಿ.

ಪ್ರಶ್ನೆ: ಪ್ಲಾಸ್ಟಿಕ್ ಅಕ್ಕಿ ಕಂಡುಹಿಡಿಯುವುದು ಹೇಗೆ?

ಅಕ್ಕಿಗಿಂತ ಪ್ಲಾಸ್ಟಿಕ್ಕೇ ದುಬಾರಿ. ಪ್ಲಾಸ್ಟಿಕ್ ಅಕ್ಕಿ ಅಂತ ಹರಿದಾಡುವ ಸುಳ್ಳು ವಿಡಿಯೋ ಕಳಿಸುವುದನ್ನು ನಿಲ್ಲಿಸಿ.

ಪ್ರಶ್ನೆ: ಲಿವರ್‌ನ ವಿಷ ತೆಗೆಯುವ ಪುಡಿ ಅಂತ ಮಾರುತ್ತಾರೆ. ತಗೊಳ್ಳಬಹುದಾ?

ತಗೋಬೇಡಿ. ಅಫ್ಲಾಟಾಕ್ಸಿನ್ ತೊಳೆದು ಹಾಕುವ ಪುಡಿ ಯಾವುದೂ ಇಲ್ಲ. ಕ್ಯಾನ್ಸರ್ ಭಯ ತೋರಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದೇ ದುಡ್ಡಿನಲ್ಲಿ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ.